ಹತ್ತಿ ಬಟ್ಟಲು, ಕಿತ್ತಳೆ ಬಟ್ಟಲು

ಮಕ್ಕಳೇ, ನಮ್ಮ ಗೋಗಿಯ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂದಿದೆ. ತೊಗರಿ ಕಣಕ್ಕೆ ಬಂದಿದೆ. ಇನ್ನು ಜಾತ್ರೆಗಳ ಕಾಲ. ರಾಶಿ ಮುಗಿದರೆ ದೊಡ್ಡವರ ಕೈಗೆ ಬಿಡುವು, ಹುಡುಗರ ಕೈಕಾಲಿಗೆ ಕೆಲಸ: ಕಬಡ್ಡಿ, ಕುಸ್ತಿ, ಗುಂಡು ಎತ್ತುವುದು. ಇದೇ ಹೊತ್ತಿಗೆ ಅಮೆರಿಕದಲ್ಲಿ ಕಾಲೇಜು ಹುಡುಗರದೂ ಒಂದು ದೊಡ್ಡ ಜಾತ್ರೆ. ಅಲ್ಲಿನ ಪಂದ್ಯಗಳ ಹೆಸರು ಕೇಳಿದರೆ ಶಹಾಪುರದ ಸಂತೆಯಲ್ಲಿ ನಿಂತಂತೆ ಅನಿಸುತ್ತದೆ. ಕಾಟನ್ ಬೌಲ್, ಶುಗರ್ ಬೌಲ್, ಆರೆಂಜ್ ಬೌಲ್. ಅಂದರೆ ಹತ್ತಿ ಬಟ್ಟಲು, ಸಕ್ಕರೆ ಬಟ್ಟಲು, ಕಿತ್ತಳೆ ಬಟ್ಟಲು! ಐಡಾಹೊ ರಾಜ್ಯದಲ್ಲಿ ಆಲೂಗಡ್ಡೆ ಹೆಸರಿನದೂ ಒಂದಿದೆ.

ನನ್ನ ಮೊಮ್ಮಗ ಅಲ್ಲಿ ಓದುತ್ತಾನೆ, ಕಾಲೇಜಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾನೆ. ಆಟಗಾರರ ಜೊತೆ ಬ್ಯಾಂಡೂ ಹೋಗಬೇಕು, ನಮ್ಮಲ್ಲಿ ಪೈಲ್ವಾನರ ಹಿಂದೆ ಹಲಗಿಯವರು ಹೋಗುವ ಹಾಗೆ. ಹೀಗಾಗಿ ಈ ಮುದುಕನಿಗೂ ಆ ಆಟದ ಹುಚ್ಚು ಹತ್ತಿದೆ.

ಅವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಬೇಕು. ಅವರು ಬಿಡುವುದಿಲ್ಲ, ಹಿಡಿದು ಕೆಡವುತ್ತಾರೆ. ಕಬಡ್ಡಿ ಆಡಿದವರಿಗೆ ಇದು ಬೇಗ ತಿಳಿಯುತ್ತದೆ.

ಈ ಬಟ್ಟಲುಗಳ ಅಜ್ಜ ರೋಸ್ ಬೌಲ್. ಕ್ಯಾಲಿಫೋರ್ನಿಯಾದ ಪಸದೀನಾ ಊರಿನವರು ಹೊಸ ವರ್ಷದ ದಿನ ಗುಲಾಬಿ ಹೂವಿನ ಮೆರವಣಿಗೆ ಮಾಡುತ್ತಿದ್ದರು. 1902ರಲ್ಲಿ ಅದರ ಜೊತೆಗೊಂದು ಫುಟ್‌ಬಾಲ್ ಪಂದ್ಯ ಇಟ್ಟರು. ಮಿಷಿಗನ್ ತಂಡ 49 ಅಂಕ ಗಳಿಸಿತು, ಸ್ಟ್ಯಾನ್‌ಫರ್ಡ್ ಸೊನ್ನೆ. ಹೊತ್ತು ಮುಗಿಯುವ ಮೊದಲೇ ಸ್ಟ್ಯಾನ್‌ಫರ್ಡ್ ಹುಡುಗರು ಸಾಕಪ್ಪ ಎಂದು ಕೈ ಮುಗಿದರು. ಇಂಥ ಏಕಪಕ್ಷದ ಆಟ ಯಾರಿಗೆ ಬೇಕು? ಫುಟ್‌ಬಾಲ್ ಬಿಟ್ಟು ಕೆಲವು ವರ್ಷ ಕುದುರೆ ರಥಗಳ ಓಟ ಇಟ್ಟರು! 1916ರಲ್ಲಿ ಮತ್ತೆ ಫುಟ್‌ಬಾಲ್ ಬಂತು. 1922ರಲ್ಲಿ ಬಟ್ಟಲಿನ ಆಕಾರದ ಕ್ರೀಡಾಂಗಣ ಕಟ್ಟಿದರು. ಆ ಬಟ್ಟಲಿನಿಂದಲೇ ಪಂದ್ಯಕ್ಕೆ ಬೌಲ್ ಎಂಬ ಹೆಸರು.

1930ರ ದಶಕದಲ್ಲಿ ಅಮೆರಿಕದಲ್ಲಿ ಭಾರೀ ಮುಗ್ಗಟ್ಟು, ಕೆಲಸವಿಲ್ಲ, ದುಡ್ಡಿಲ್ಲ. ಚಳಿಗಾಲದಲ್ಲೂ ಬೆಚ್ಚಗಿರುವ ದಕ್ಷಿಣದ ಊರುಗಳು, ನಾವೂ ಒಂದು ಬಟ್ಟಲು ಇಟ್ಟರೆ ನಾಲ್ಕು ಜನ ಬಂದಾರು ಎಂದುಕೊಂಡವು. 1935ರ ಹೊಸ ವರ್ಷದ ದಿನವೇ ಮಯಾಮಿಯಲ್ಲಿ ಕಿತ್ತಳೆ, ನ್ಯೂ ಆರ್ಲಿಯನ್ಸ್‌ನಲ್ಲಿ ಸಕ್ಕರೆ. 1937ರಲ್ಲಿ ಡಲ್ಲಾಸ್‌ನಲ್ಲಿ ಹತ್ತಿ. ತಮ್ಮ ನೆಲದಲ್ಲಿ ಬೆಳೆದದ್ದನ್ನೇ ಹೆಸರಾಗಿಟ್ಟರು. ಈಗ ಇಂಥ ಪಂದ್ಯಗಳು 40ರ ಆಸುಪಾಸು ಇವೆ, ಕಂಪನಿಗಳ ಹೆಸರು ಅಂಟಿಕೊಂಡಿವೆ. ಒಂದರಲ್ಲಿ ಗೆದ್ದ ತಂಡದ ಗುರುವಿನ ತಲೆಯ ಮೇಲೆ ಮೆಯೊನೇಸ್ ಸುರಿಯುತ್ತಾರೆ. ಅಜ್ಜಿಯರೇ, ಆ ಬಟ್ಟೆ ಒಗೆಯುವವರು ಯಾರೋ ನನಗೆ ಗೊತ್ತಿಲ್ಲ.

ನನಗೆ ಹಿಡಿಸಿದ್ದು ಇದರ ನಿಯಮ. 12 ಪಂದ್ಯಗಳಲ್ಲಿ 6 ಗೆದ್ದರೆ ಸಾಕು, ಸಾಮಾನ್ಯವಾಗಿ ಒಂದು ಬೌಲ್ ಆಡುವ ಯೋಗ ಸಿಗುತ್ತದೆ. ಅರ್ಧ ಗೆದ್ದು ಅರ್ಧ ಸೋತ ಹುಡುಗರಿಗೂ ಇನ್ನೊಂದು ಪಯಣ, ಇನ್ನೊಂದು ಆಟ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಮೊದಲು ಚಿಕ್ಕ ಹುಡುಗರನ್ನು ಕಣಕ್ಕಿಳಿಸುತ್ತಾರಲ್ಲ, ಗೆದ್ದವನಿಗೆ ಒಂದು ತೆಂಗಿನಕಾಯಿ? ಬೆಳ್ಳಿ ಕಡೆಯ ಕುಸ್ತಿ ಕೊನೆಗೆ. ಆದರೆ ಕಾಯಿ ಗೆದ್ದ ಹುಡುಗ ಅದನ್ನು ಎದೆಗೊತ್ತಿಕೊಂಡು ಮನೆಗೆ ಓಡುವುದನ್ನು ನೀವು ನೋಡಬೇಕು.

ಮೊಮ್ಮಗನ ಕಾಲೇಜು ಕೊನೆಯ ವಾರ ಆರನೆಯದನ್ನು ಗೆದ್ದಿತು. ಫೋನಿನಲ್ಲಿ ಅವನ ಮಾತಿಗಿಂತ ಹಿಂದಿನ ಗದ್ದಲವೇ ಜಾಸ್ತಿ ಕೇಳಿಸಿತು. ಅವರಿಗೆ ಸಿಕ್ಕಿದ್ದು ಚಿಕ್ಕ ಬೌಲ್, ಕಾಯಿ ಕುಸ್ತಿ ಅನ್ನಿ.

ಬೌಲ್‌ಗಳ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಾಯ್ ರೀಗಲ್ಸ್‌ನದು. 1929ರ ಜನವರಿ 1, ರೋಸ್ ಬೌಲ್. ಕ್ಯಾಲಿಫೋರ್ನಿಯಾ ತಂಡದ ರೀಗಲ್ಸ್ ಜಾರ್ಜಿಯಾ ಟೆಕ್‌ನವರ ಕೈಜಾರಿದ ಚೆಂಡನ್ನು ಎತ್ತಿಕೊಂಡ. ಗದ್ದಲದಲ್ಲಿ ದಿಕ್ಕು ತಪ್ಪಿತು. ತನ್ನದೇ ಗೆರೆಯ ಕಡೆ ಓಡತೊಡಗಿದ! ಸುಮಾರು 65 ಗಜ. ಜೊತೆಯವನೊಬ್ಬ ಕೂಗುತ್ತ ಬೆನ್ನಟ್ಟಿ ಗೆರೆಯ ಹತ್ತಿರ ಹಿಡಿದು ನಿಲ್ಲಿಸಿದ. ಆ ಎಡವಟ್ಟಿನ ಬೆನ್ನಿಗೇ ಎದುರಾಳಿಗೆ 2 ಅಂಕ ಹೋಯಿತು. ಅರ್ಧ ಆಟದ ಬಿಡುವಿನಲ್ಲಿ ರೀಗಲ್ಸ್ ಮೂಲೆಯಲ್ಲಿ ಕೂತು ಅತ್ತ. ಗುರು ನಿಬ್ಸ್ ಪ್ರೈಸ್ ಬಯ್ಯಲಿಲ್ಲ. ಮೊದಲರ್ಧಕ್ಕೆ ಇಳಿದವರೇ ಎರಡನೆಯದಕ್ಕೂ ಇಳಿಯಿರಿ ಎಂದರು. ನನ್ನಿಂದಾಗದು ಎಂದ ಹುಡುಗನಿಗೆ, ಆಟ ಮುಗಿದದ್ದು ಅರ್ಧ ಮಾತ್ರ ಎಂದು ಹೇಳಿ ಎಬ್ಬಿಸಿದರು. ಅವನು ಇಳಿದ, ಚೆನ್ನಾಗಿ ಆಡಿದ, ಎದುರಾಳಿಯ ಒದೆತವೊಂದನ್ನು ತಡೆದ. ತಂಡ ಮಾತ್ರ 8-7ರಿಂದ ಸೋತಿತು, ಒಂದೇ ಅಂಕ. ಮುಂದಿನ ವರ್ಷ ಅದೇ ತಂಡಕ್ಕೆ ಅವನೇ ನಾಯಕ.

ಈಗೀಗ ಗಾಳಿ ಬದಲಾಗಿದೆ. ಚಾಂಪಿಯನ್ ಯಾರೆಂದು ತೀರ್ಮಾನಿಸಲು 12 ತಂಡಗಳ ಪ್ಲೇಆಫ್ ಬಂದ ಮೇಲೆ ಉಳಿದ ಬೌಲ್‌ಗಳನ್ನು ಲೆಕ್ಕಕ್ಕೇ ಇಡದವರಿದ್ದಾರೆ. ವೃತ್ತಿ ಆಟಕ್ಕೆ ಹೋಗಲಿರುವ ಕೆಲವರು ಗಾಯವಾದೀತೆಂದು ಆಡುವುದಿಲ್ಲ. ಅವರ ಚಿಂತೆ ನನಗೆ ಅರ್ಥವಾಗುತ್ತದೆ, ಮಂಡಿ ಮುರಿದರೆ ಸಂಪಾದನೆಯೇ ಹೋಯಿತು. ಆದರೆ 2025ರ ಡಿಸೆಂಬರಿನಲ್ಲಿ 10 ಪಂದ್ಯ ಗೆದ್ದ ನಾಟರ್ ಡೇಮ್, ಪ್ಲೇಆಫ್‌ನಲ್ಲಿ ಜಾಗ ಸಿಗದ ಮೇಲೆ ಬೌಲೇ ಬೇಡ ಎಂದು ಮನೆಯಲ್ಲಿ ಕೂತಿತು. ಇದು ನನಗೆ ಹಿಡಿಸಲಿಲ್ಲ. ಬೆಳ್ಳಿ ಕಡೆ ಸಿಗಲಿಲ್ಲವೆಂದು ಕಾಯಿ ಕುಸ್ತಿಗೂ ಬೆನ್ನು ತಿರುಗಿಸಿದರೆ ಹಲಗಿಯವನು ಯಾರಿಗಾಗಿ ಬಾರಿಸಬೇಕು?

ಪಸದೀನಾದಲ್ಲಿ ಹೊಸ ವರ್ಷದ ಮಧ್ಯಾಹ್ನ ಎರಡು ಗಂಟೆಯಾದರೆ ನಮಗೆ ಮರುದಿನ ನಸುಕಿನ ಮೂರೂವರೆ. ಕಂಬಳಿ ಹೊದ್ದು ನೋಡುವ ಅಜ್ಜಂದಿರಿಗೆ ಜೊತೆಗೊಬ್ಬ ಮೊಮ್ಮಗ ಇದ್ದರೆ ಒಳ್ಳೆಯದು, ಚಾನೆಲ್ ಹುಡುಕಲು. ಮಕ್ಕಳೇ, ಗೋಗಿಯಲ್ಲಿ ಬೌಲ್ ಇಟ್ಟರೆ ನಾನು ತೊಗರಿ ಬಟ್ಟಲು ಎಂದೇ ಕರೆಯುತ್ತೇನೆ. ನಿಮ್ಮೂರಿನದಕ್ಕೆ ಏನು ಹೆಸರು? ಅಜ್ಜಿಯನ್ನು ಕೇಳಿ ಬರೆದು ಕಳಿಸಿ.