ಕಾಲ್ಚೆಂಡಿಗೊಂದು ಏಣಿ

ನಾನು ಕಮಲಾಪುರದವನು. ಈ ಹೆಸರು ಕಿವಿಗೆ ಬಿದ್ದೊಡನೆ ಕಲಬುರಗಿಯ ಗೆಳೆಯರು ಕೆಂಪು ಬಾಳೆಹಣ್ಣು ತಂದೆಯಾ ಎಂದು ಕೇಳುವುದು ವಾಡಿಕೆ. ನನ್ನ ಚೀಲದಲ್ಲಿ ಹಣ್ಣಿಗೆ ಬದಲು ಪುಸ್ತಕಗಳ ಜೊತೆಗೆ ಆಟದ ಬೂಟುಗಳಿರುತ್ತವೆ. ಕಾಲ್ಚೆಂಡಿನಲ್ಲಿ ನಾನು ಮುಂದಿನ ಸಾಲಿನವನು, ಎಂದರೆ ಗೋಲು ಹೊಡೆಯಬೇಕಾದವನು. ಹೊಡೆದ ಗೋಲುಗಳ ಲೆಕ್ಕವನ್ನು ಇಲ್ಲಿ ಕೊಡದಿರುವುದೇ ಲೇಸು.

"ಚೆಂಡು ಒದ್ರ ಹೊಟ್ಟಿ ತುಂಬ್ತದೇನೋ ತಮ್ಮಾ?" ಎಂದು ಅಪ್ಪ ಕೇಳುತ್ತಾನೆ. ಇದು ನನ್ನ ಕೊನೆಯ ವರ್ಷವಾದುದರಿಂದ ಆ ಪ್ರಶ್ನೆ ಈಗ ಊಟಕ್ಕೆ ಕುಳಿತಾಗಲೆಲ್ಲ ಬರುತ್ತದೆ. ಅದನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಲು ನನ್ನಿಂದಾಗದು.

ನಮ್ಮ ಕಡೆಯ ಹುಡುಗರಿಗೆ ಈ ಆಟ ಒಗ್ಗದು, ಬಿಸಿಲು ಹೆಚ್ಚು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಅದೇ ರಾಜ್ಯದ ಹೈದರಾಬಾದ್ ಸಿಟಿ ಪೊಲೀಸ್ ತಂಡವು ರಹೀಂ ಸಾಹೇಬರ ಕೈಕೆಳಗೆ ಪಳಗಿ, 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ಪನ್ನು ಗೆದ್ದಿತು. ಅಲ್ಲಿನ ಬಿಸಿಲೇನು ತಂಪಾದುದೆ?

ಇತ್ತ ಮೈಸೂರಿನ ಪರವಾಗಿ ಆಡಿದ ಎಸ್. ರಾಮನ್ ಅವರನ್ನು ನೆನೆಯಿರಿ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡಿನ ಮೈದಾನದಲ್ಲಿ ಫ್ರಾನ್ಸಿನ ವಿರುದ್ಧ ಅವರು ಗೋಲು ಹೊಡೆದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲನೆಯ ಗೋಲು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಆ ಪಂದ್ಯದಲ್ಲಿ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕೊನೆಯ ಗಳಿಗೆಯಲ್ಲಿ 2-1ರಿಂದ ಸೋಲಾಯಿತು. ಆ ಮೈದಾನವಾದರೂ ಯಾವ ದೊಡ್ಡ ತಂಡದ್ದೂ ಅಲ್ಲ. ಹವ್ಯಾಸಿಗಳ ಒಂದು ಊರ ತಂಡದ್ದು.

ಇಂಗ್ಲೆಂಡಿನ ಬಲವೆಲ್ಲ ಅಂತಹ ಊರ ತಂಡಗಳಲ್ಲಿದೆ ಎಂಬುದು ನನ್ನ ನಂಬಿಕೆ. ಅಲ್ಲಿ ಒಂದರ ಮೇಲೊಂದು ಲೀಗುಗಳಿವೆ. ಗೆದ್ದ ತಂಡ ಮೇಲೇರುತ್ತದೆ, ಸೋತದ್ದು ಕೆಳಗಿಳಿಯುತ್ತದೆ. ಜೇಮಿ ವಾರ್ಡಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಗಿಡ್ಡನೆಂದು ಹೊರಹಾಕಿದರು. ಅವನು ಕಾರ್ಖಾನೆಯಲ್ಲಿ ದುಡಿಯುತ್ತ, ವಾರಕ್ಕೆ 30 ಪೌಂಡಿಗೆ ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ತಂಡದಲ್ಲಿ ಆಡುತ್ತಿದ್ದನು. ಅನಂತರ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್, 2012ರಲ್ಲಿ ಲೆಸ್ಟರ್, 2016ರಲ್ಲಿ ದೇಶದ ಅತ್ಯುನ್ನತ ಲೀಗಿನ ಚಾಂಪಿಯನ್! ಎಲ್ಲರೂ ವಾರ್ಡಿಗಳಾಗುವುದಿಲ್ಲ, ನಿಜ. ಸಾವಿರಾರು ಮಂದಿ ಕೆಳಗಿನ ಮೆಟ್ಟಿಲಲ್ಲೇ ಉಳಿದು, ಹಗಲು ಬೇರೆ ಕೆಲಸ ಮಾಡಿಕೊಂಡು, ಶನಿವಾರ ಊರವರ ಮುಂದೆ ಆಡಿ, ವಯಸ್ಸಾದ ಮೇಲೆ ನಿಲ್ಲಿಸುತ್ತಾರೆ. ನನಗೆ ಅವರ ಮೇಲೆಯೇ ಹೆಚ್ಚು ಅಸೂಯೆ.

ಕರ್ನಾಟಕ 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ತಂದಿತು. ಸಂತೋಷವೇ. ಆದರೆ ದರ್ಜೆಗಳುಳ್ಳ ಲೀಗು ಇರುವುದು ಬೆಂಗಳೂರಿನಲ್ಲಿ. ರಾತ್ರಿಯಿಡೀ ರೈಲಿನಲ್ಲಿ ಹೋಗಿ ಅದರ ಮೊದಲ ಮೆಟ್ಟಿಲನ್ನು ಮುಟ್ಟಬೇಕಾದರೆ ಕಮಲಾಪುರದ ಹುಡುಗನಿಗೆ ಅದು ಏಣಿಯೆನಿಸುವುದು ಹೇಗೆ?

ಆದುದರಿಂದ ನಮ್ಮ ಉಪನ್ಯಾಸಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ಕಲಬುರಗಿಯ ಕಾಲೇಜುಗಳೂ ಸುತ್ತಲಿನ ತಾಲ್ಲೂಕುಗಳೂ ಕೂಡಿ, ದೀಪಾವಳಿಯಿಂದ ಶಿವರಾತ್ರಿಯವರೆಗೆ ಭಾನುವಾರ ಬೆಳಿಗ್ಗೆ ಆಡುವ ಒಂದು ಲೀಗು ನಡೆಯಲಿ. ದರ್ಜೆ ಎರಡೇ ಇರಲಿ. ಕೊನೆಯ ತಂಡ ಕೆಳಗಿಳಿಯಲಿ. ಬಹುಮಾನ ಬೇಡ. ಬಸ್ಸಿನ ಖರ್ಚು, ಎರಡು ಚೆಂಡು, ಸುಣ್ಣ, ಒಂದು ಸೀಟಿ, ಇಷ್ಟು ಸಾಕು. ಓದು ಮುಗಿಸಿ ಹೋದವರಿಗೂ ಅದರಲ್ಲಿ ಆಡಲು ಅವಕಾಶವಿರಬೇಕು. ಇದನ್ನು ಸ್ವಾರ್ಥದಿಂದಲೇ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದೊಡನೆ ನನ್ನ ಬೂಟುಗಳನ್ನು ತಮ್ಮನಿಗೆ ಕೊಡುವಂತೆ ಅವ್ವ ಈಗಾಗಲೇ ಹೇಳಿದ್ದಾಳೆ.