ಕತ್ತಲು ಕಪ್ಪಾಗಿಯೇ ಇರಲಿ

1954ರಲ್ಲಿ ಮದರಾಸಿನ ಎವಿಎಂ ಸಂಸ್ಥೆ ‘ಅಂದ ನಾಳ್’ ಎಂಬ ತಮಿಳು ಚಿತ್ರವನ್ನು ತೆರೆಗೆ ತಂದಿತು. ವೀಣಾ ವಿದ್ವಾಂಸರೆಂದು ಹೆಸರಾದ ಎಸ್. ಬಾಲಚಂದರ್ ನಿರ್ದೇಶಕರು, ಶಿವಾಜಿ ಗಣೇಶನ್ ಮುಖ್ಯ ನಟ. ಹಾಡಿಲ್ಲ, ಕುಣಿತವಿಲ್ಲ. 1943ರ ಅಕ್ಟೋಬರಿನಲ್ಲಿ ಜಪಾನಿ ವಿಮಾನ ಮದರಾಸಿನ ಮೇಲೆ ಬಾಂಬು ಹಾಕಿದ ಹೊತ್ತಿಗೆ ರೇಡಿಯೊ ಎಂಜಿನಿಯರ್ ಒಬ್ಬ ಗುಂಡೇಟಿಗೆ ಬಲಿಯಾಗುತ್ತಾನೆ. ಕೊಂದವರು ಯಾರೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕತೆ ಹೇಳುತ್ತಾರೆ.

ಹಾಡಿಲ್ಲದ ಚಿತ್ರಕ್ಕೆ ಆಸರೆ ಎರಡೇ: ಬೆಳಕು ಮತ್ತು ಸದ್ದು. ಛಾಯಾಗ್ರಾಹಕ ಎಸ್. ಮಾರುತಿ ರಾವ್ ನೆರಳುಗಳಿಂದಲೇ ಅರ್ಧ ಕತೆ ಹೇಳಿದರು. ಅಂಥ ಚಿತ್ರದ ಕಪ್ಪೆಲ್ಲ ಬೂದುಬಣ್ಣಕ್ಕೆ ತಿರುಗಿ, ಮೌನವೆಲ್ಲ ಗೊರಗೊರ ಸದ್ದಾಗಿ ಮನೆಯ ಟಿವಿಗೆ ಬಂದರೆ, ಬಂದದ್ದು ಅದೇ ಚಿತ್ರವೇ?

‘ಹಳೇ ಸಿನಿಮಾ, ಇಷ್ಟಾದರೂ ಸಿಕ್ಕಿತಲ್ಲ’ ಎನ್ನುವುದು ನಮ್ಮಲ್ಲಿ ರೂಢಿಯ ಸಮಾಧಾನ. ಪೌರಾಣಿಕ ಚಿತ್ರಕ್ಕೋ ಸಂಸಾರದ ಕತೆಗೋ ಈ ಸಮಾಧಾನ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಕತೆ ಗೊತ್ತಿರುತ್ತದೆ, ಹಾಡು ಬಾಯಿಗೆ ಬಂದಿರುತ್ತದೆ, ಚಿತ್ರ ಮಸುಕಾದರೂ ನೆನಪು ತುಂಬಿಕೊಡುತ್ತದೆ. ಥ್ರಿಲ್ಲರ್‌ಗೆ ಆ ಸೌಲಭ್ಯವಿಲ್ಲ. ಬಾಗಿಲ ಸಂದಿಯಲ್ಲಿ ನಿಂತವನು ಕಂಡೂ ಕಾಣದಂತಿರಬೇಕು, ಮಹಡಿಯ ಮೇಲಿನ ಹೆಜ್ಜೆ ಕೇಳಿಯೂ ಕೇಳದಂತಿರಬೇಕು. ಪೂರ್ತಿ ಕಾಣದೆ ಹೋದರೆ ಸುಳಿವೇ ಇಲ್ಲ, ತೀರಾ ಸ್ಪಷ್ಟವಾಗಿ ಕಂಡರೆ ಭಯವೇ ಇಲ್ಲ. ಕಳಪೆ ಪ್ರತಿ ಇಂಥ ಚಿತ್ರದ ಅಂದವನ್ನಷ್ಟೇ ಕೆಡಿಸಿ ಸುಮ್ಮನಾಗುವುದಿಲ್ಲ, ಕತೆಯನ್ನೇ ತಿದ್ದಿಬಿಡುತ್ತದೆ.

ದಕ್ಷಿಣ ಭಾರತದ ಮನೆಗಳಿಗೆ ಹಳೆಯ ಚಿತ್ರಗಳು ಮೊದಲು ದಂಡಿಯಾಗಿ ಬಂದದ್ದು ವಿಸಿಡಿಯಲ್ಲಿ. ಅದರ ಚಿತ್ರದ ಅಗಲ 352 ಚುಕ್ಕೆ, ಎತ್ತರ 288 ಚುಕ್ಕೆ. ಅಷ್ಟನ್ನೂ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್‌ನಲ್ಲಿ ಹಿಂಡಿ ತುಂಬಬೇಕಿತ್ತು. ಹೀಗೆ ಹಿಂಡುವ ತಂತ್ರ ಮೊದಲು ಬಲಿ ಕೊಡುವುದು ಕತ್ತಲನ್ನು. ಕಪ್ಪಿನೊಳಗಿನ ಸೂಕ್ಷ್ಮ ವ್ಯತ್ಯಾಸಗಳನ್ನು ಅದು ಲೆಕ್ಕಕ್ಕಿಡುವುದಿಲ್ಲ, ನೆರಳಿನ ಜಾಗದಲ್ಲಿ ಚೌಕ ಚೌಕದ ಬಿಲ್ಲೆಗಳು ಕುಣಿಯುತ್ತವೆ. ಕೊಲೆಗಾರ ಅಡಗಿರುವುದು ಆ ಬಿಲ್ಲೆಗಳ ಹಿಂದೆ! ಆಮೇಲೆ ಬಂದ ಡಿವಿಡಿಯಲ್ಲಿ 720ಕ್ಕೆ 576 ಚುಕ್ಕೆಗಳಿಗೆ ಜಾಗವಿತ್ತು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಾಗ ಹಳೆಯ ಕನ್ನಡ, ತಮಿಳು ಚಿತ್ರಗಳು ಕಿರಾಣಿ ಅಂಗಡಿಗೂ ಬಂದವು. ಅದು ದೊಡ್ಡ ಉಪಕಾರವೇ. ಚೆನ್ನೈ ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರಿನಲ್ಲಿ ಕಳ್ಳಪ್ರತಿ ಹುಡುಕುವುದನ್ನು ಅದು ಬಹಳ ಜನರಿಗೆ ತಪ್ಪಿಸಿತು.

ಆದರೆ ಡಿಸ್ಕಿನಲ್ಲಿ ಜಾಗವಿದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿರುವುದಿಲ್ಲ. ಅದು ಯಾವ ಮೂಲದಿಂದ ಬಂತು ಎನ್ನುವುದು ಮುಖ್ಯ. ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್ ಮೊದಲ ತಲೆಮಾರು. ಅದರಿಂದ ತೆಗೆದ ಪ್ರಿಂಟು, ಪ್ರಿಂಟಿನಿಂದ ಮತ್ತೆ ತೆಗೆದ ನೆಗೆಟಿವ್, ಹೀಗೆ ಒಂದೊಂದು ತಲೆಮಾರಿಗೂ ಕಪ್ಪು-ಬಿಳುಪಿನ ನಡುವಿನ ಛಾಯೆಗಳು ಉದುರುತ್ತ ಹೋಗುತ್ತವೆ. ಭಾರತದಲ್ಲಿ ಖರ್ಚು ಉಳಿಸಲೆಂದು ಮೂಲ ನೆಗೆಟಿವ್‌ನಿಂದಲೇ ನೇರವಾಗಿ ಪ್ರಿಂಟುಗಳನ್ನು ತೆಗೆಯುತ್ತಿದ್ದುದು ಸಾಮಾನ್ಯ, ಹಾಗಾಗಿ ಚಿತ್ರ ಓಡಿದಷ್ಟೂ ಅದರ ನೆಗೆಟಿವ್ ಸವೆಯಿತು. ಡಿಸ್ಕ್ ಕಂಪನಿಗಳ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಟಾಕೀಸುಗಳಲ್ಲಿ ಓಡಿ ದಣಿದ ಪ್ರಿಂಟು ಅಥವಾ ಟಿವಿಗೆಂದು ಎಂದೋ ಮಾಡಿಟ್ಟ ಟೇಪು. ರೀಲು ಬದಲಿಸುವ ಗುರುತು, ಮಳೆ ಸುರಿದಂಥ ಗೀರು, ತುಂಡಾಗಿ ಅಂಟಿಸಿದ ಜಾಗದಲ್ಲಿ ನುಂಗಿಹೋದ ಅರ್ಧ ಮಾತು, ಎಲ್ಲವೂ ಹಾಗೇ ಡಿಸ್ಕಿಗೆ ಇಳಿದವು. ಇವುಗಳ ಮೇಲೆ ಮೂಲೆಯಲ್ಲಿ ಕಂಪನಿಯ ಮುದ್ರೆ ಬೇರೆ.

ಕನ್ನಡಿಗರಿಗೆ ಇದು ಪಕ್ಕದ ಮನೆಯ ಸುದ್ದಿಯಾಗಿ ಕೇಳಬಾರದು. ಎಪ್ಪತ್ತರ ದಶಕದವರೆಗೂ ಕನ್ನಡ ಚಿತ್ರರಂಗದ ಸ್ಟುಡಿಯೊ, ಧ್ವನಿಮುದ್ರಣ, ಲ್ಯಾಬಿನ ಕೆಲಸಗಳು ಬಹುಪಾಲು ನಡೆದದ್ದು ಮದರಾಸಿನಲ್ಲೇ. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿದ ಕಾಲದ ಲೋಕ ಅದು. ಚೆನ್ನೈಯ ಲ್ಯಾಬುಗಳ ಕಪಾಟಿಗೆ ಏನಾಯಿತೋ ಅದು ಕನ್ನಡ ಚಿತ್ರಗಳಿಗೂ ಆಯಿತು. ಸಮುದ್ರದ ತೇವ, ವರ್ಷವಿಡೀ ಸೆಕೆ ಇರುವ ಊರಿನಲ್ಲಿ ತಂಪಿಲ್ಲದೆ ಇಟ್ಟ ಅಸಿಟೇಟ್ ಫಿಲ್ಮು ವಿನೆಗರಿನಂತೆ ಹುಳಿ ವಾಸನೆ ಬಿಡುತ್ತ ಸುರುಟಿಕೊಳ್ಳುತ್ತದೆ. ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿಯಂಶ ಮೊದಲು ಮಾಸಿ ಇಡೀ ಚಿತ್ರ ಕೆಂಪಗಾಗುತ್ತದೆ. ಡಿಜಿಟಲ್ ಬಂದ ಮೇಲೆ ಫಿಲ್ಮ್ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ನಿರ್ಮಾಪಕ ತೀರಿಕೊಂಡು, ಹಕ್ಕು ಮೂರು ಕೈ ಬದಲಾದ ಚಿತ್ರದ ಡಬ್ಬಿಗಳನ್ನು ಕೇಳುವವರೇ ಇರಲಿಲ್ಲ.

ಬಾಲು ಮಹೇಂದ್ರ ಅವರ ‘ಮೂಡುಪನಿ’ಯನ್ನು ನೋಡಿ. ‘ಕೋಕಿಲ’ ಎಂಬ ಕನ್ನಡ ಚಿತ್ರದಿಂದ ನಿರ್ದೇಶನ ಶುರುಮಾಡಿದ ಅವರು 1980ರಲ್ಲಿ ತೆಗೆದ ಈ ತಮಿಳು ಥ್ರಿಲ್ಲರ್ ಬೆಂಗಳೂರು, ಊಟಿಗಳಲ್ಲಿ ಚಿತ್ರೀಕರಣಗೊಂಡಿತು. ಇಳಯರಾಜಾ ಅವರಿಗೆ ಅದು ನೂರನೆಯ ಚಿತ್ರ. ಕ್ಯಾಮೆರಾ ಸ್ವತಃ ಬಾಲು ಮಹೇಂದ್ರ ಅವರದೇ. ಹೆಸರೇ ಹೇಳುವಂತೆ ಮಂಜು ಅಲ್ಲಿ ಒಂದು ಪಾತ್ರ. ಮಂಜೆಂದರೆ ಫಿಲ್ಮಿನ ಮೇಲೆ ಬಿಳಿಯ ನೂರಾರು ಛಾಯೆಗಳು. ಅವನ್ನು ಹಿಡಿದಿಟ್ಟಿರುವುದು ಫಿಲ್ಮಿನ ಕಣಕಣ. ಪರದೆಯ ಮೇಲೆ ಸದಾ ಮಿಸುಕಾಡುವ ಈ ಕಣಗಳನ್ನು ಕೊಳೆ ಎಂದು ಬಗೆದು ಕಂಪ್ಯೂಟರಿನಿಂದ ಉಜ್ಜಿ ತೆಗೆದರೆ ಮಂಜು ಸುಣ್ಣ ಬಳಿದ ಗೋಡೆಯಾಗುತ್ತದೆ, ನಟರ ಮುಖ ಮೇಣದ ಗೊಂಬೆಯಾಗುತ್ತದೆ. ಉಜ್ಜದೆ ಕಡಿಮೆ ಜಾಗಕ್ಕೆ ಹಿಂಡಿದರೆ ಮಂಜಿನಲ್ಲಿ ಮೆಟ್ಟಿಲುಗಳು ಕಾಣುತ್ತವೆ. ಎರಡರಲ್ಲಿಯೂ ಮಂಜಿಲ್ಲ.

ಸದ್ದಿನ ಕತೆ ಇನ್ನೂ ಸೂಕ್ಷ್ಮ. ಆ ಕಾಲದ ಚಿತ್ರಗಳ ಧ್ವನಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಅಚ್ಚಾಗಿರುತ್ತಿತ್ತು: ಒಂದೇ ಟ್ರ್ಯಾಕು, ಪರದೆಯ ಹಿಂದಿನ ಸ್ಪೀಕರಿಗೆ. ಸಣ್ಣ ಸುಯ್ ಸದ್ದು ಅದರ ಜೊತೆಗೇ ಬರುತ್ತದೆ. ಡಿಸ್ಕಿಗೆ ಹಾಕುವವರು ಆ ಸುಯ್ ಸದ್ದನ್ನು ಅಳಿಸಲು ಹೊರಟರೆ ಅದರ ಜೊತೆ ಮಾತೂ ಹೋಗುತ್ತದೆ. ಏಕೆಂದರೆ ‘ಸ’ಕಾರದ ಶಕ್ತಿಯೆಲ್ಲ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ, ಸುಯ್ ಸದ್ದು ಕಿವಿಗೆ ಚುಚ್ಚುವುದೂ ಅಲ್ಲೇ. ಯಂತ್ರಕ್ಕೆ ಎರಡೂ ಒಂದೇ. ‘ಸ’ ಮೊಂಡಾಗುತ್ತದೆ, ‘ಶ’ಕ್ಕೂ ಅದಕ್ಕೂ ವ್ಯತ್ಯಾಸ ಅಳಿಯುತ್ತದೆ, ಮಹಾಪ್ರಾಣದ ಉಸಿರು ನಿಲ್ಲುತ್ತದೆ, ಪಿಸುಮಾತಂತೂ ಪೂರಾ ಮಾಯ. ಪಿಸುಮಾತೆಂದರೆ ಬರೀ ಉಸಿರು ತಾನೇ. ಉಪೇಂದ್ರ 1993ರಲ್ಲಿ ತೆಗೆದ ಥ್ರಿಲ್ಲರ್‌ನ ಹೆಸರು ‘ಶ್!’. ಧ್ವನಿಯನ್ನು ‘ಶುದ್ಧ’ಗೊಳಿಸುವ ಯಂತ್ರದ ಕೈಗೆ ಕೊಟ್ಟರೆ ಮೊದಲು ಅಳಿಯುವುದು ಆ ಹೆಸರೇ.

ಇನ್ನು ‘5.1’ ಎಂಬ ಜಂಬದ ಮಾತು. ಒಂದೇ ಟ್ರ್ಯಾಕಿನ ಧ್ವನಿಯನ್ನು ಆರು ಸ್ಪೀಕರಿಗೆ ಹಂಚಿ, ಮೇಲೆ ಹೊಸ ಗುಡುಗು, ಹೊಸ ಬಾಗಿಲ ಕಿರ್ರ್ ಸೇರಿಸಿ ಮಾರಿದರೆ ಅದು ಬೇರೆಯದೇ ಚಿತ್ರ. ಸುನಿಲ್ ಕುಮಾರ್ ದೇಸಾಯಿ ಅವರ ‘ತರ್ಕ’ದಲ್ಲಿ (1989) ಹಾಡಿಲ್ಲ. ಎಲ್ಲಿ ಸದ್ದಿರಬೇಕು, ಎಲ್ಲಿ ಇರಬಾರದು ಎಂಬ ಲೆಕ್ಕಾಚಾರವೇ ಅಲ್ಲಿ ನಿರ್ದೇಶನ. ಆ ಲೆಕ್ಕವನ್ನು ಮೂವತ್ತು ವರ್ಷದ ಮೇಲೆ ಮಿಕ್ಸಿಂಗ್ ಕೋಣೆಯಲ್ಲಿ ಇನ್ಯಾರೋ ಕೂತು ಬದಲಿಸಲು ಅಧಿಕಾರ ಕೊಟ್ಟವರು ಯಾರು? ಯಾರ ಗಮನಕ್ಕೂ ಬಾರದ ಇನ್ನೊಂದು ಪೆಟ್ಟೂ ಇದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು, ಪಾಲ್ ಪದ್ಧತಿಯ ವಿಡಿಯೊ 25. ಸರಿಯಾಗಿ ಹೊಂದಿಸದೆ ಇಳಿಸಿದರೆ ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ, ಎಲ್ಲರ ದನಿಯೂ ತುಸು ಏರುತ್ತದೆ. ಹಾಯಾಗಿ ಕಾಯಿಸಬೇಕಾದ ದೃಶ್ಯ ಅವಸರ ಮಾಡುತ್ತದೆ.

ಹಣವಿದ್ದವರೂ ಇಲ್ಲಿ ಎಡವಿದ್ದಾರೆ. ಹಿಚ್‌ಕಾಕ್‌ನ ‘ವರ್ಟಿಗೊ’ವನ್ನು 1996ರಲ್ಲಿ ಶ್ರದ್ಧೆಯಿಂದ ಪುನರುಜ್ಜೀವನಗೊಳಿಸಿದಾಗ ಹೆಜ್ಜೆ ಸದ್ದು, ಗುಂಡಿನ ಸದ್ದುಗಳನ್ನು ಹೊಸದಾಗಿ ಮಾಡಿ ಸೇರಿಸಲಾಯಿತು. ಚಿತ್ರ ಬಲ್ಲವರು ಆಕ್ಷೇಪಿಸಿದರು, ಮುಂದೆ ಡಿಸ್ಕುಗಳಲ್ಲಿ ಮೂಲದ ಮೊನೊ ಧ್ವನಿಯೂ ಬಂತು. ‘ದಿ ಫ್ರೆಂಚ್ ಕನೆಕ್ಷನ್’ನ 2009ರ ಬ್ಲೂ-ರೇಯಲ್ಲಿ ನಿರ್ದೇಶಕ ಫ್ರೀಡ್‌ಕಿನ್ ಅವರೇ ಬಣ್ಣ ಬದಲಿಸಿದರು. ಛಾಯಾಗ್ರಾಹಕ ಓವನ್ ರೋಯ್ಜ್‌ಮನ್ ಬಹಿರಂಗವಾಗಿ ಪ್ರತಿಭಟಿಸಿದರು, 2012ರಲ್ಲಿ ಹೊಸ ಆವೃತ್ತಿ ಬಂತು. ಅಲ್ಲಿಯೂ ತಪ್ಪುಗಳಾಗುತ್ತವೆ, ಆದರೆ ತಪ್ಪನ್ನು ತಪ್ಪೆಂದು ಹೇಳುವ ನೋಡುಗರಿದ್ದಾರೆ. ನಮ್ಮಲ್ಲಿ ಕೊರತೆ ಇರುವುದು ಆ ಗದ್ದಲಕ್ಕೆ.

ಕೌಶಲಕ್ಕಂತೂ ಕೊರತೆಯಿಲ್ಲ. ಚೆನ್ನೈಯ ಪ್ರಸಾದ್ ಸಂಸ್ಥೆ ಹೊರದೇಶಗಳ ಚಿತ್ರಗಳನ್ನೂ ಶುಚಿಗೊಳಿಸಿಕೊಡುತ್ತದೆ. ಶ್ಯಾಮ್ ಬೆನಗಲ್ ಅವರ ‘ಮಂಥನ್’ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮೂಲಕ 2024ರಲ್ಲಿ ಹೊಸ ಜೀವ ಪಡೆದದ್ದು ಅಲ್ಲೇ, ಇಟಲಿಯ ಬೊಲೊನ್ಯಾದ ಲ್ಯಾಬಿನ ಜೊತೆಗೂಡಿ. ಚಿತ್ರ ಬಂದದ್ದು ಮೂಲ ನೆಗೆಟಿವ್‌ನಿಂದ, ಧ್ವನಿಯನ್ನು ಹಳೆಯ ಪ್ರಿಂಟಿನಿಂದ ಎತ್ತಬೇಕಾಯಿತು. ಅದೇ ವರ್ಷ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದ ಹೊಸ ಪ್ರತಿ ವೆನಿಸ್ ಉತ್ಸವ ಕಂಡಿತು. ಹೆಮ್ಮೆಯ ಸಂಗತಿ. ಆದರೆ ಪರಂಪರೆ ಎಂಬ ಪಟ್ಟ ಸಿಗುವುದು ಕಲಾತ್ಮಕ ಚಿತ್ರಕ್ಕೆ ಮಾತ್ರ. ಪತ್ತೇದಾರಿ ಚಿತ್ರವನ್ನು ಈಗಲೂ ಕಾಲಹರಣದ ಸರಕೆಂದೇ ಎಣಿಸಲಾಗುತ್ತದೆ. ಕಾಶಿನಾಥ್ ಅವರ ‘ಅಪರಿಚಿತ’ದಂಥ (1978) ಚಿತ್ರ ಈ ಎರಡರ ನಡುವೆ ಅನಾಥವಾಗುತ್ತದೆ.

‘ಖರ್ಚು ಯಾರು ಕೊಡುತ್ತಾರೆ? ಡಿಸ್ಕ್ ಕೊಳ್ಳುವವರಾದರೂ ಎಲ್ಲಿದ್ದಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಖರ್ಚು ಮಾಡಿದ ಉದಾಹರಣೆಗಳೂ ಇವೆ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಲಾಯಿತು. 1964ರ ‘ಕರ್ಣನ್’ 2012ರಲ್ಲಿ ಚೆನ್ನೈಯ ಚಿತ್ರಮಂದಿರಗಳಿಗೆ ಮರಳಿದಾಗ ಜನ ಮುಗಿಬಿದ್ದು ನೋಡಿದರು. ರಾಷ್ಟ್ರೀಯ ಚಲನಚಿತ್ರ ಪರಂಪರೆ ಯೋಜನೆಯಡಿ 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಇಡುವುದಾಗಿ ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿತು. ಆ ಸಾಲಿನಲ್ಲಿ ಥ್ರಿಲ್ಲರ್‌ಗೂ ಪಾಲು ಕೇಳುವುದು ತಪ್ಪಲ್ಲ.

ಡಿಸ್ಕಿನ ಪ್ರಶ್ನೆಗೆ ಬಂದರೆ, ಕಾಲ ಸ್ಟ್ರೀಮಿಂಗಿನದು ನಿಜ. ಆದರೆ ಆ ಪ್ರತಿ ಬಾಡಿಗೆಯ ಮನೆಯಂತೆ, ಒಪ್ಪಂದ ಮುಗಿದ ದಿನ ಮಾಯವಾಗುತ್ತದೆ. ಯೂಟ್ಯೂಬಿನಲ್ಲಿರುವ ಹಳೆಯ ಕನ್ನಡ ಥ್ರಿಲ್ಲರ್‌ಗಳಲ್ಲಿ ಎಷ್ಟೋ ಅದೇ ಹಳೆಯ ಟೇಪಿನ ಮರಿಮಕ್ಕಳು, ಅಗಲದ ಪರದೆಗೆ ಹೊಂದಿಸಲೆಂದು ತಲೆ-ಕಾಲು ಕತ್ತರಿಸಿಕೊಂಡವು. ಕೊಂಡವರ ಕಪಾಟಿನಲ್ಲಿ ಉಳಿಯುವ ಒಳ್ಳೆಯ ಡಿಸ್ಕ್ ನೂರಿನ್ನೂರು ಪ್ರತಿ ಬಂದರೂ ಅದು ಸಾಕ್ಷ್ಯ. ನೆಗೆಟಿವ್ ಸತ್ತ ಮೇಲೆ ಉಳಿದ ಪ್ರತಿಯೇ ಮೂಲವಾಗುತ್ತದೆ.

ಹಕ್ಕುದಾರರನ್ನು ಕೇಳಬೇಕಾದ್ದು ದೊಡ್ಡ ಪಟ್ಟಿಯೇನಲ್ಲ. ಪ್ರತಿ ಯಾವ ಮೂಲದಿಂದ ಬಂತು, ಟಾಕೀಸಿನಲ್ಲಿ ಎಷ್ಟು ನಿಮಿಷ ಇತ್ತು, ಇಲ್ಲಿ ಎಷ್ಟಿದೆ ಎಂದು ಹೊದಿಕೆಯ ಮೇಲೆ ಎರಡು ಸಾಲು ಬರೆಯಲಿ. ಚೌಕಟ್ಟು ತೆಗೆದಂತೆಯೇ ಇರಲಿ. 5.1 ಬೇಕಾದವರಿಗೆ 5.1 ಕೊಡಲಿ, ಜೊತೆಗೆ ಮೂಲದ ಮೊನೊವನ್ನೂ ಇಡಲಿ. ಮುದ್ರೆ ಚಿತ್ರದ ಮೇಲೆ ಬೇಡ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣವೂ ಬೇಕಿಲ್ಲ. ನೋಡುಗರ ಪಾಲಿನ ಕೆಲಸವೂ ಒಂದಿದೆ. ಫಳಫಳ ಹೊಳೆಯುವ ಪ್ರತಿಯನ್ನು ಕಂಡಾಗ ‘ಹೊಸ ಸಿನಿಮಾ ಥರ ಇದೆ’ ಎಂದು ಮೆಚ್ಚುವ ಮೊದಲು, ಕತ್ತಲಿರಬೇಕಾದ ಕಡೆ ಕತ್ತಲಿದೆಯೇ, ಸುಮ್ಮನಿರಬೇಕಾದ ಕಡೆ ಸುಮ್ಮನಿದೆಯೇ ಎಂದು ಒಮ್ಮೆ ನೋಡುವುದು, ಇಲ್ಲದಿದ್ದರೆ ಮಾರಿದವರಿಗೆ ಒಂದು ಸಾಲು ಬರೆದು ಕೇಳುವುದು.