ಅಂಕಿತವನ್ನು ಅನುವಾದಿಸಬಹುದೇ?



ವಚನಗಳನ್ನು ಇಂಗ್ಲಿಷಿನಲ್ಲಿ ಓದುವ ತಲೆಮಾರು ಈಗ ನಮ್ಮ ಮನೆಗಳಲ್ಲಿಯೇ ಇದೆ. ಊರು ಬಿಟ್ಟು ದೂರದ ನಗರಗಳನ್ನೂ ಹೊರದೇಶಗಳನ್ನೂ ಸೇರಿದ ಭಕ್ತರ ಮಕ್ಕಳಲ್ಲಿ ಹಲವರಿಗೆ ಬಸವಣ್ಣನವರು ಮೊದಲು ಪರಿಚಯವಾಗುವುದೇ ಅನುವಾದದ ಮೂಲಕ. ಆದುದರಿಂದ ಅನುವಾದದಲ್ಲಿ ಅಂಕಿತದ ಗತಿಯೇನು ಎಂಬ ಪ್ರಶ್ನೆಯನ್ನು ವಿದ್ವಾಂಸರಿಗೇ ಬಿಟ್ಟು ಸುಮ್ಮನಿರಲಾಗದು.

ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೂಡಲಸಂಗಮದೇವನು ಕೂಡುವ ನದಿಗಳ ಒಡೆಯನಾಗಿದ್ದಾನೆ, ಗುಹೇಶ್ವರನು ಗುಹೆಗಳ ಒಡೆಯ, ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ. ಶಬ್ದಾರ್ಥವನ್ನು ತಪ್ಪೆನ್ನಲಾಗದು. ಸಂಸ್ಕೃತದಲ್ಲಿ ‘ಅರ್ಜುನ’ ಎಂದರೆ ಬಿಳುಪೇ. ನಿತ್ಯವೂ ಈ ನಾಮವನ್ನು ನುಡಿಯುವ ನಮ್ಮಲ್ಲಿ ಎಷ್ಟು ಮಂದಿ ಅದರೊಳಗಿನ ಮಲ್ಲಿಗೆಯನ್ನು ಕಂಡಿದ್ದೇವೆ? ಅದನ್ನು ತೋರಿಸಿದ ಉಪಕಾರವನ್ನು ಒಪ್ಪಲೇಬೇಕು.

ಆದರೆ ಅರ್ಥ ದೊರೆತಲ್ಲಿ ಹೆಸರು ಮರೆಯಾಯಿತು. ಕೂಡಲಸಂಗಮವು ಕೃಷ್ಣೆ ಮಲಪ್ರಭೆಯರು ಸೇರುವ, ಬಸವಣ್ಣನವರು ಬೆಳೆದ ನೆಲ. ‘ಕೂಡಲ’ ಕನ್ನಡದ ಮಾತು, ‘ಸಂಗಮ’ ಸಂಸ್ಕೃತದ್ದು. ಎರಡರ ಅರ್ಥವೂ ಒಂದೇ. ಎರಡು ನದಿಗಳಂತೆ ಎರಡು ನುಡಿಗಳೂ ಆ ಹೆಸರಿನಲ್ಲಿ ಕೂಡಿವೆ. ಇದು ಯಾವ ಇಂಗ್ಲಿಷಿಗೆ ಬಂದೀತು? ಅಕ್ಕನ ಅಂಕಿತದಲ್ಲಂತೂ ‘ಚೆನ್ನ’ವೇ ಉಳಿಯಲಿಲ್ಲ. ನಮ್ಮ ಬಾಗೂರಿನ ಚೆನ್ನಕೇಶವನ ಹೆಸರಿನಲ್ಲಿಯೂ ಅದೇ ‘ಚೆನ್ನ’ವಿದೆ. ಆತನನ್ನು ‘ಒಳ್ಳೆಯ ಕೂದಲಿನ ಚೆಲುವ’ ಎಂದು ಕರೆದರೆ ಊರವರು ನಕ್ಕಾರು. ಅರ್ಥ ಮಾತ್ರ ಸರಿಯೇ!

ಅಂಕಿತವೆಂಬುದು ಕರೆ. ಕರೆಯುವವರು ಹೆಸರಿನ ಅರ್ಥವನ್ನು ಬಿಡಿಸಿ ಕರೆಯುವುದಿಲ್ಲ. ವಚನಕಾರರನ್ನು ಗುರುತಿಸುವ ಮುದ್ರೆಯೂ ಅದೇ.

ಕನ್ನಡದೊಳಗೇ ಈ ಮುದ್ರೆ ಬದಲಾದಾಗ ನಮ್ಮ ಸಮಾಜ ಎಷ್ಟು ನೊಂದಿತೆಂಬುದನ್ನು ಹಿರಿಯರು ಬಲ್ಲರು. ಮಾತೆ ಮಹಾದೇವಿಯವರ ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವು ‘ಲಿಂಗದೇವ’ ಎಂದಾಗಿತ್ತು. ರಾಜ್ಯ ಸರ್ಕಾರವು 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೂಲಪಾಠವನ್ನು ಬದಲಿಸುವುದೂ ಪರಭಾಷೆಗೆ ಅನುವಾದಿಸುವುದೂ ಒಂದೇ ಅಲ್ಲ, ನಿಜ. ರಾಮಾನುಜನ್ ಅವರ ಕೈಯಲ್ಲಿ ನಮ್ಮ ಮೂಲ ಕೆಡಲಿಲ್ಲ. ಆದರೆ ಕನ್ನಡವರಿಯದ ಮಗುವಿಗೆ ಮೂಲವೆಂಬುದು ಎಲ್ಲಿದೆ? ಅದರ ಪಾಲಿಗೆ ಅನುವಾದವೇ ಮೂಲ.

ಬಸವ ಸಮಿತಿಯು ವಚನಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ತರಿಸಿತು. ಆ ಸಂಪುಟಗಳು 2017ರ ಬಸವ ಜಯಂತಿಯಂದು ದೆಹಲಿಯಲ್ಲಿ ಬಿಡುಗಡೆಯಾದವು. ಇಷ್ಟು ನುಡಿಗಳಲ್ಲಿ ಒಂದೊಂದೂ ಅಂಕಿತದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಹೊರಟರೆ, ಒಬ್ಬನೇ ದೇವನಿಗೆ ಅಷ್ಟೂ ಹೆಸರುಗಳಾಗುತ್ತವೆ. ಅಂಕಿತವನ್ನು ಇದ್ದಂತೆಯೇ ಇಟ್ಟು, ಅರ್ಥವನ್ನು ಪುಟದ ಕೆಳಗೆ ಕೊಡುವುದೇ ಲೇಸೆಂದು ನನ್ನ ಮತ. ಉಚ್ಚಾರಣೆ ಕಷ್ಟವೆಂಬ ಆಕ್ಷೇಪಣೆಯಿದೆ. ರಷ್ಯನ್ ಕಾದಂಬರಿಗಳ ಉದ್ದುದ್ದ ಹೆಸರುಗಳನ್ನು ಓದಿ ಅರಗಿಸಿಕೊಂಡ ಇಂಗ್ಲಿಷ್ ಓದುಗರಿಗೆ ಕೂಡಲಸಂಗಮದೇವ ಭಾರವಾಗಲಾರನು.